ಫಲಕ್ಕೆ ಇಡುವ ಹೆಸರು

ಈ ಸಲದ ಪಂಚಮಿ ಹಬ್ಬಕ್ಕೆ ನಮ್ಮ ಮಗಳು ಬೆಂಗಳೂರಿನಿಂದ ಇಳಕಲ್ಲಿಗೆ ಬಂದಿದ್ದಳು. ತವರಿಗೆ ಬಂದ ಹೆಣ್ಣುಮಕ್ಕಳು ಉಂಡಿ ಕಟ್ಟುವದು, ಜೋಕಾಲಿ ಜೀಕುವದು ನಮ್ಮ ಸೀಮೆಯ ರೂಢಿ. ಇವಳು ಉಂಡಿಯನ್ನು ತಿಂದಳು. ಜೋಕಾಲಿಯನ್ನು ಶಾಸ್ತ್ರಕ್ಕೆಂಬಂತೆ ಒಂದು ಸಲ ಜೀಕಿದಳು. ಉಳಿದ ಹೊತ್ತೆಲ್ಲ ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ, ತೊಡೆಯ ಮೇಲೆ ಲ್ಯಾಪ್‌ಟಾಪನ್ನು ಇಟ್ಟುಕೊಂಡು ಕುಳಿತಳು. ಹಬ್ಬಕ್ಕೆ ಅವಳಿಗೆ ರಜೆ ದೊರೆತಿತ್ತೇ ಹೊರತು ಅವಳ ಕೆಲಸಕ್ಕೆ ದೊರೆತಿರಲಿಲ್ಲ. ಆಸ್ಪತ್ರೆಗಳಲ್ಲಿ ರೋಗಿಯ ರಕ್ತನಾಳದೊಳಕ್ಕೆ ಸಲಾಯಿನನ್ನು ಹನಿಹನಿಯಾಗಿ ಬಿಡುವ ಯಂತ್ರಗಳುಂಟಷ್ಟೆ. ಅಂಥ ಯಂತ್ರವನ್ನು ಒಳಗಿನಿಂದ ನಡೆಯಿಸುವ ಆಜ್ಞೆಗಳನ್ನು ‘ಸಿ’ ಎಂಬ ಗಣಕಭಾಷೆಯಲ್ಲಿ ಬರೆಯುವದು ಅವಳ ಉದ್ಯೋಗ.

ಮೂರನೆಯ ದಿನದ ಸಂಜೆ ಅವಳು ಒಮ್ಮೆಲೆ ಹಣೆ ಬಡಿದುಕೊಂಡಳು.

“ಏನಾತವ್ವಾ?” ಎಂದೆವು.

“ಮುಂಜಾನಿಂದ ಹುಡುಕಾಕತ್ತಿದ್ದೆ ಅಪ್ಪಾ, ಈಗ ಸಿಕ್ತು. ಇಲ್ಲಿ ಯಾರೋ ‘ರಿಟ್’ ಅಂತ ಒಂದು ಹೆಸರು ಇಟ್ಟಾರ. ಮ್ಯಾಲ ಅದಕ್ಕ ಒಂದು ಅರ್ಥ, ನಾಕು ಸಾಲು ಕೆಳಗ ಬ್ಯಾರೇ ಅರ್ಥ.”

“ರಿಟ್ ಅಂದರೆ ಯಾವ ಭಾಷೆಯ ಶಬ್ದ?”

“ಇಂಗ್ಲೀಷಿನ ‘ರಿಟರ್ನ್’ ಅನ್ನೂದರ ಬಾಲಾ ಕತ್ತರಿಸಿದ್ದು. ಹೊಳ್ಳಿ ಬಂದದ್ದು ಅಂತ ಅರ್ಥ.”

“ಏನು ಹೊಳ್ಳಿ ಬಂದದ್ದು?”

“ಅದನ್ನ ಹೇಳಂಗಿಲ್ಲ ನೋಡು ಅದು. ಅದಽ ತಕರಾರು.”

ಮೂವತ್ತಕ್ಕೂ ಹೆಚ್ಚು ವರುಷ ಮಕ್ಕಳಿಗೆ ಸಂಸ್ಕೃತ ವ್ಯಾಕರಣವನ್ನು ಕಲಿಸಿದ ನಮಗೆ ಈ ಮಾತು ಕಿವಿಯಲ್ಲಿ ನಿಂತಿತು. ಕನ್ನಡಕವನ್ನು ಏರಿಸಿಕೊಂಡು ಅವಳ ಪಕ್ಕದಲ್ಲಿ ಕುಳಿತೆವು. ಅಂದು ರಾತ್ರಿ ಊಟ ತಡವಾದದ್ದಕ್ಕೆ ಮನೆಯವರು ನಮ್ಮಿಬ್ಬರನ್ನೂ ಬೈದರು. ಅಲ್ಲಿ ನಾವು ತಿಳಿದುಕೊಂಡದ್ದನ್ನು ನಮಗೆ ತಿಳಿದ ಮಟ್ಟಿಗೆ ವಾಚಕರ ಮುಂದೆ ಇಡುತ್ತೇವೆ.

‘ಸಿ’ ಎಂಬುದು 1972ರ ಸುಮಾರಿಗೆ ಅಮೇರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬ ವಿದ್ವಾಂಸನು ರೂಪಿಸಿದ ಭಾಷೆ. ಅದರ ಆದಿಗ್ರಂಥವನ್ನು ಬ್ರಯನ್ ಕರ್ನಿಘನ್ ಮತ್ತು ರಿಚಿ ಇಬ್ಬರೂ ಕೂಡಿ 1978ರಲ್ಲಿ ಪ್ರಕಟಿಸಿದರು. ಅರ್ಧ ಶತಮಾನ ಕಳೆದರೂ ಯಂತ್ರಗಳ ಒಳಮನೆಯಲ್ಲಿ ಈ ಭಾಷೆಯ ಆಳಿಕೆ ಮುಗಿದಿಲ್ಲ. ಇದರಲ್ಲಿ ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆದು ಒಂದೊಂದಕ್ಕೂ ಒಬ್ಬೊಬ್ಬ ಸೇವಕನನ್ನು ನೇಮಿಸಿದಂತೆ ಏರ್ಪಾಡು. ಮಾಸ್ತರನು ಹುಡುಗನೊಬ್ಬನನ್ನು ಸುಣ್ಣದ ಕಡ್ಡಿ ತರಲು ಕಚೇರಿಗೆ ಕಳಿಸುತ್ತಾನೆ. ಹುಡುಗನು ಹೋಗಿ ಬಂದು ಕೆಲಸ ಆಯಿತೋ ಇಲ್ಲವೋ ಎಂಬ ಸುದ್ದಿಯನ್ನು ಹೇಳುತ್ತಾನೆ. ‘ಸಿ’ ಭಾಷೆಯ ಸೇವಕನು ಈ ಸುದ್ದಿಯನ್ನು ಬಹಳ ಮಾಡಿ ಒಂದು ಅಂಕಿಯ ರೂಪದಲ್ಲಿ ತರುತ್ತಾನೆ. ಆ ಅಂಕಿಯನ್ನು ಇಟ್ಟುಕೊಳ್ಳುವ ಪಾತ್ರೆಗೆ ಒಂದು ಹೆಸರು ಬೇಕು. ಆ ಹೆಸರನ್ನು ಇಡುವವನು ಬರೆಯುವವನೇ. ರಿಟ್, ಆರ್‌ಸಿ, ರೆಸ್, ಸ್ಟೇಟಸ್, ಎರ್, ಓಕೆ – ಹೀಗೆ ಹತ್ತಾರು ಹೆಸರುಗಳು ರೂಢಿಯಲ್ಲಿವೆ. ಯಂತ್ರಕ್ಕೆ ಯಾವ ಹೆಸರಾದರೂ ಒಂದೇ. ಹೆಸರಿರುವದು ಮುಂದೆ ಅದನ್ನು ಓದುವ ಮನುಷ್ಯನ ಸಲುವಾಗಿ.

ಇಲ್ಲಿ ಒಂದು ವಿಚಿತ್ರವಿದೆ. ಕೆಲಸ ಸರಿಯಾಗಿ ಆದರೆ ಸೇವಕನು ಸೊನ್ನೆಯನ್ನು ತರುವದು ಹಳೆಯ ಸಂಪ್ರದಾಯ. ಶೂನ್ಯವೆಂದರೆ ಸಫಲ! ನಮಗೆ ಮೊದಲು ಇದು ತಲೆಕೆಳಗಾಗಿ ಕಂಡಿತು. ಮಗಳು ಕಾರಣ ಹೇಳಿದ ಮೇಲೆ ಒಪ್ಪಿಗೆಯಾಯಿತು. ಕೆಲಸ ಆಗುವದು ಒಂದೇ ಬಗೆ. ಕೆಡುವದು ಹಲವು ಬಗೆ. ಕಪಾಟಿಗೆ ಕೀಲಿ ಬಿದ್ದಿತ್ತು, ಕಡ್ಡಿ ತೀರಿತ್ತು, ಕಾರಕೂನನು ಊಟಕ್ಕೆ ಹೋಗಿದ್ದ. ಒಂದೊಂದು ದೋಷಕ್ಕೂ ಒಂದೊಂದು ಅಂಕಿಯನ್ನು ಕೊಟ್ಟರೆ ನಿರ್ದೋಷಕ್ಕೆ ಉಳಿಯುವದು ಸೊನ್ನೆ. ಆದರೆ ಇನ್ನು ಕೆಲವು ಸೇವಕರಿಗೆ ಕೆಲಸವನ್ನಲ್ಲ, ಪ್ರಶ್ನೆಯನ್ನು ಒಪ್ಪಿಸುತ್ತಾರೆ: “ಕಪಾಟು ತೆರೆದಿದೆಯೇ?” ಅವರು ಹೌದಾದರೆ ಒಂದನ್ನೂ ಇಲ್ಲವಾದರೆ ಸೊನ್ನೆಯನ್ನೂ ತರುತ್ತಾರೆ. ಹೀಗೆ ಒಂದೇ ಮನೆಯಲ್ಲಿ ಸೊನ್ನೆಯು ಒಂದು ಕಡೆ ಶುಭ, ಮತ್ತೊಂದು ಕಡೆ ನಿಷೇಧ. ಎರಡು ಶಬ್ದಗಳು ಒಂದೇ ಆಗಿವೆಯೇ ಎಂದು ಹೋಲಿಸಿ ನೋಡುವ ‘ಸ್ಟ್ರ್‌ಕಂಪ್’ ಎಂಬ ಸೇವಕನಂತೂ ಅವು ಒಂದೇ ಆಗಿದ್ದರೆ ಸೊನ್ನೆಯನ್ನು ತರುತ್ತಾನೆ. ಹೊಸದಾಗಿ ಕಲಿಯುವ ಹುಡುಗರು ಅದನ್ನು ‘ಒಂದೇ ಅಲ್ಲ’ ಎಂದು ಓದಿ ಮೋಸ ಹೋಗುವದು ವರುಷವರುಷದ ಸಂಗತಿಯಂತೆ. ಇದಲ್ಲದೆ, ‘ಹೀಗಿದ್ದರೆ ಹೀಗೆ ಮಾಡು’ ಎಂಬ ಆಜ್ಞೆಯನ್ನು ಕೊಟ್ಟಾಗ ಆ ಭಾಷೆಯು ಸೊನ್ನೆಯೊಂದನ್ನು ಬಿಟ್ಟು ಮಿಕ್ಕ ಎಲ್ಲ ಅಂಕಿಗಳನ್ನೂ ‘ಹೌದು’ ಎಂದೇ ಎಣಿಸುತ್ತದೆ. ಋಣ ಒಂದೂ ‘ಹೌದೇ’. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಅನರ್ಥವೆಲ್ಲ ಅದರಿಂದಲೇ.

ಬಾಲ ಕತ್ತರಿಸಿದ ಹೆಸರುಗಳು ನಮಗೇನೂ ಹೊಸವಲ್ಲ. ಅರ್ಧ ಮಾತ್ರೆ ಉಳಿದರೂ ಹಬ್ಬ ಮಾಡುವ ಜನ ನಮ್ಮ ವೈಯಾಕರಣರು. ಪಾಣಿನಿಯು ತರ, ತಮ ಎಂಬ ಪ್ರತ್ಯಯಗಳಿಗೆ ‘ಘ’ ಎಂದು ಹೆಸರಿಟ್ಟನು. ದಾ, ಧಾ ಮೊದಲಾದ ಧಾತುಗಳಿಗೆ ‘ಘು’ ಎಂದನು. ಶಬ್ದದ ಕಟ್ಟಕಡೆಯ ಸ್ವರದಿಂದ ಮುಂದಿನ ತುಣುಕಿಗೆ ‘ಟಿ’ ಎಂದನು. ಇವುಗಳ ಮುಂದೆ ‘ರಿಟ್’ ಎಂಬುದು ದೀರ್ಘಸಮಾಸವೇ ಸರಿ! ಇದನ್ನೇ ನಾವು ಮಗಳಿಗೆ ಹೇಳಿ, “ಸಣ್ಣ ಹೆಸರನ್ನು ದೂರಬೇಡ” ಎಂದೆವು. ಹೇಳಿ ಮುಗಿಸುವದರೊಳಗೇ ನಮ್ಮ ವಾದದ ತೂತು ನಮಗೇ ಕಂಡಿತು. ಪಾಣಿನಿಯು ‘ಘು’ ಎಂದರೆ ಏನೆಂಬುದನ್ನು ಸೂತ್ರದಲ್ಲಿ ಹೇಳಿಯೇ ಬಳಸುತ್ತಾನೆ. ಒಂದು ಸೂತ್ರದಲ್ಲಿ ಧಾತುವಾಗಿದ್ದ ‘ಘು’ ನಾಲ್ಕು ಸೂತ್ರದ ಕೆಳಗೆ ಪ್ರತ್ಯಯವಾಗುವದಿಲ್ಲ. ಇಷ್ಟೇ ಅಲ್ಲ. ಎರಡು ಅಕ್ಷರಕ್ಕೆ ಜಿಪುಣತನ ಮಾಡುವ ಅದೇ ಪಾಣಿನಿಯು ಕೆಲವು ಕಡೆಗೆ ‘ಸರ್ವನಾಮ’ ಎಂಬಂಥ ಉದ್ದ ಹೆಸರುಗಳನ್ನು ಬಳಸಿದ್ದಾನೆ. ಏಕೆಂದು ಮಹಾಭಾಷ್ಯದಲ್ಲಿ ಪತಂಜಲಿಯು ವಿಚಾರ ಮಾಡಿದ್ದಾನೆ: ಉದ್ದ ಹೆಸರನ್ನು ಇಟ್ಟದ್ದು ಅದು ಅನ್ವರ್ಥವಾಗಲೆಂದು, ಎಂದರೆ ಹೆಸರೇ ತನ್ನ ಅರ್ಥವನ್ನು ಹೇಳಲೆಂದು. ‘ಸರ್ವ’ ಎಂಬುದು ಯಾವನೋ ಒಬ್ಬ ಮನುಷ್ಯನ ಹೆಸರಾಗಿದ್ದರೆ ಅದು ಎಲ್ಲರಿಗೂ ಸಲ್ಲುವ ನಾಮವಾಗಲಾರದು. ಆದುದರಿಂದ ಅಲ್ಲಿ ಸರ್ವನಾಮದ ಕಾರ್ಯ ನಡೆಯದು. ಹೆಸರೇ ಕಾವಲುಗಾರನಾಗಿ ನಿಂತು ತಪ್ಪನ್ನು ಬಾಗಿಲಲ್ಲಿ ತಡೆಯುತ್ತದೆ.

ಗಣಕದ ಜನರಿಗೂ ಜಿಪುಣತನಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. 1978ರ ಆ ಗ್ರಂಥದ ಕಾಲದಲ್ಲಿ ಹೆಸರೊಂದರ ಮೊದಲಿನ ಎಂಟು ಅಕ್ಷರಗಳನ್ನು ಮಾತ್ರ ಯಂತ್ರವು ಲೆಕ್ಕಕ್ಕೆ ಹಿಡಿಯುತ್ತಿತ್ತು. ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿದ ಕೆನ್ ಥಾಮ್ಸನ್ನನಿಗೆ “ಮತ್ತೊಮ್ಮೆ ಕಟ್ಟಿದರೆ ಏನನ್ನು ತಿದ್ದುವಿರಿ?” ಎಂದು ಕೇಳಿದಾಗ, ‘ಕ್ರಿಯೇಟ್’ ಎಂಬುದರ ಕೊನೆಗೆ ತಾನು ಬಿಟ್ಟುಬಿಟ್ಟ ಒಂದು ಅಕ್ಷರವನ್ನು ಸೇರಿಸುವೆನೆಂದು ಉತ್ತರ ಕೊಟ್ಟನೆಂಬ ಕಥೆಯನ್ನು ಮಗಳು ನಗುತ್ತ ಹೇಳಿದಳು. 1999ರ ಪ್ರಮಾಣದ ಪ್ರಕಾರ ಈಗ ಅರವತ್ತಮೂರು ಅಕ್ಷರಗಳವರೆಗೆ ಅವಕಾಶವಿದೆ. ಹಸಿವು ಹೋದ ಮೇಲೂ ಉಪವಾಸದ ರೂಢಿ ಉಳಿದಿದೆಯೆಂದು ನಮಗೆ ತೋರುತ್ತದೆ.

ನಮ್ಮ ಊರಿನ ನೇಕಾರರು ಈ ವಿಷಯದಲ್ಲಿ ಜಾಣರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಸಿಕ್ಕಿಸಿ ಕೂಡಿಸುವದಕ್ಕೆ ‘ಕೊಂಡಿ’ ಎನ್ನುತ್ತಾರೆ. ದಡಿಗಳಿಗೆ ಗೋಮಿ, ಗಾಡಿ, ಪರಾಸಪೇಟ ಎಂದು ಹೆಸರುಗಳಿವೆ. ಅಂಗಡಿಯಲ್ಲಿ ನಿಂತು ನಮ್ಮ ಮನೆಯವರು ‘ಗೋಮಿ ದಡಿ’ ಎಂದರೆ ಬೇರೆ ದಡಿಯ ಸೀರೆ ಹೊರಗೆ ಬರುವದಿಲ್ಲ.

ಇನ್ನು ಮಗಳ ತಕರಾರಿಗೆ ಬರೋಣ. ಸಲಾಯಿನು ಹರಿಯುವ ನಳಿಗೆಯಲ್ಲಿ ಗಾಳಿಯ ಗುಳ್ಳೆ ಸೇರಿದರೆ ರೋಗಿಗೆ ಅಪಾಯ. ಆದ್ದರಿಂದ ‘ನಳಿಗೆ ಶುದ್ಧವಾಗಿದೆಯೇ?’ ಎಂದು ಕೇಳಿಕೊಂಡು ಬರಲು ಒಬ್ಬ ಸೇವಕನಿದ್ದಾನೆ. ಶುದ್ಧವಿದ್ದರೆ ಒಂದು, ಗುಳ್ಳೆಯಿದ್ದರೆ ಸೊನ್ನೆ. ಗುಳ್ಳೆಯನ್ನು ಕಾಣುವ ಸಾಧನವೇ ಕೆಟ್ಟು ಉತ್ತರ ಬಾರದಿದ್ದರೆ? ಆಗ ಋಣ ಒಂದು. ಈ ಮೂರು ಬಗೆಯ ಸುದ್ದಿಯನ್ನೂ ‘ರಿಟ್’ ಎಂಬ ಒಂದೇ ಪಾತ್ರೆಯಲ್ಲಿ ಹಾಕಿ, ಕೆಳಗೆ ಬೇರೊಬ್ಬರು ‘ರಿಟ್ ಇದ್ದರೆ ಔಷಧವನ್ನು ಬಿಡು’ ಎಂದು ಬರೆದುಬಿಟ್ಟಿದ್ದರು. ಸಾಧನವು ಸತ್ತಿದ್ದರೆ ಋಣ ಒಂದು ಬರುವದು. ಸೊನ್ನೆಯಲ್ಲದ್ದೆಲ್ಲವೂ ‘ಹೌದು’ ಆದ್ದರಿಂದ ಯಂತ್ರವು ‘ನಳಿಗೆ ಶುದ್ಧ’ ಎಂದು ತಿಳಿದು ಔಷಧವನ್ನು ಬಿಡುವದು. ಸುದೈವದಿಂದ ಇದು ಪರೀಕ್ಷೆಯ ಮೇಜಿನ ಮೇಲೆಯೇ ಸಿಕ್ಕಿತು. ಯಾವ ರೋಗಿಯ ಹತ್ತಿರವೂ ಹೋಗಿರಲಿಲ್ಲ.

“ಇಂಥಾದ್ದು ದೊಡ್ಡವರಿಗೂ ಆಗೇತಿ,” ಎಂದು ಅವಳು ಸಮಾಧಾನ ಹೇಳಿಕೊಂಡಳು. ಅಂತರ್ಜಾಲದಲ್ಲಿ ಗುಟ್ಟಿನ ವ್ಯವಹಾರಗಳನ್ನು ಕಾಯುವ ‘ಓಪನ್ ಎಸ್‌ಎಸ್‌ಎಲ್’ ಎಂಬ ಪ್ರಸಿದ್ಧ ಆಜ್ಞಾಸಂಗ್ರಹದಲ್ಲಿ ಇದೇ ದೋಷವಿತ್ತೆಂದು 2009ರ ಜನವರಿಯಲ್ಲಿ ಪ್ರಕಟವಾಯಿತು. ಸಹಿಯು ನಿಜವಾದುದಾದರೆ ಒಂದು, ಸುಳ್ಳಾದರೆ ಸೊನ್ನೆ, ಸಹಿಯನ್ನು ಪರೀಕ್ಷಿಸುವದೇ ಆಗಲಿಲ್ಲವಾದರೆ ಋಣಸಂಖ್ಯೆ – ಹೀಗೆ ಉತ್ತರ ಬರುತ್ತಿದ್ದರೂ ಕೆಲವೆಡೆ ‘ಸೊನ್ನೆಯೇ?’ ಎಂದಷ್ಟೇ ನೋಡುತ್ತಿದ್ದರು. ಪರೀಕ್ಷಿಸಲಿಕ್ಕೇ ಬಾರದಷ್ಟು ವಿಕಾರವಾದ ಸಹಿಯು ಸತ್ಯವಾದ ಸಹಿಯೆಂದು ಒಳಗೆ ಹೋಗುವದು ಸಾಧ್ಯವಾಗಿತ್ತು!

ಹಾಗಾದರೆ ಒಳ್ಳೆಯ ಹೆಸರು ಯಾವದು? ಲಿನಕ್ಸ್ ಎಂಬ ವ್ಯವಸ್ಥೆಯನ್ನು ಬರೆಯುವವರು ತಮ್ಮ ಬರವಣಿಗೆಯ ನಿಯಮಗಳಲ್ಲಿ ಸೇವಕನ ಹೆಸರನ್ನು ಕುರಿತು ಒಂದು ಮರ್ಯಾದೆಯನ್ನು ಕಟ್ಟಿಕೊಂಡಿದ್ದಾರೆ. ಹೆಸರು ಆಜ್ಞೆಯ ರೂಪದಲ್ಲಿದ್ದರೆ ಅವನು ದೋಷದ ಅಂಕಿಯನ್ನು ತರಬೇಕು, ಸೊನ್ನೆಯಾದರೆ ಕ್ಷೇಮ. ಹೆಸರು ಪ್ರಶ್ನೆಯ ರೂಪದಲ್ಲಿದ್ದರೆ ಹೌದು-ಅಲ್ಲಗಳನ್ನು ತರಬೇಕು. ಲೋಟ್ ಲಕಾರಕ್ಕೆ ಒಂದು ಫಲ, ‘ಕಿಮ್’ ಪ್ರಶ್ನೆಗೆ ಒಂದು ಫಲ ಎಂದು ನಾವು ಇದನ್ನು ನಮ್ಮ ಮಟ್ಟಿಗೆ ಅನುವಾದಿಸಿಕೊಂಡೆವು. ಪಾತ್ರೆಯ ಹೆಸರಿಗೂ ಇದೇ ದಾರಿ ಒಪ್ಪುತ್ತದೆ. ‘ಎರ್’ ಎಂದರೆ ದೋಷ. ‘ದೋಷವಿದ್ದರೆ ನಿಲ್ಲು’ ಎಂದು ಓದಿದಾಗ ಅರ್ಥ ಸರಳವಾಗಿ ಕೂಡುತ್ತದೆ, ಸೊನ್ನೆಯಾದರೆ ದೋಷವಿಲ್ಲ. ‘ಓಕೆ’ ಎಂದರೆ ಸರಿ, ‘ಸರಿಯಿದ್ದರೆ ನಡೆ’. ಇವೆರಡೂ ಅನ್ವರ್ಥಗಳು. ‘ಸ್ಟೇಟಸ್’ ಎಂದರೆ ಸ್ಥಿತಿ, ‘ರಿಸಲ್ಟ್’ ಎಂದರೆ ಫಲ. ‘ಸ್ಥಿತಿಯಿದ್ದರೆ’, ‘ಫಲವಿದ್ದರೆ’ ಎಂದು ಓದಿ ನೋಡಿರಿ, ಏನೂ ತಿಳಿಯದು. ಅವು ‘ರಿಟ್’ಗಿಂತ ಉದ್ದವಾದರೂ ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳುವದಿಲ್ಲ. ದೋಷವು ಗಿಡ್ಡತನದಲ್ಲಿಲ್ಲ, ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಬಚ್ಚಿಡುವದರಲ್ಲಿದೆ.

ಹೆಸರೊಂದೇ ಎಲ್ಲವನ್ನೂ ಕಾಯುವದೆಂದು ನಾವು ಹೇಳಲು ಹೊರಟಾಗ ಮಗಳು ತಡೆದಳು. 2014ರ ಫೆಬ್ರುವರಿಯಲ್ಲಿ ಆಪಲ್ ಕಂಪನಿಯ ಯಂತ್ರಗಳಲ್ಲಿ ಬಯಲಿಗೆ ಬಂದ ದೋಷದಲ್ಲಿ ಪಾತ್ರೆಯ ಹೆಸರು ‘ಎರ್’ ಎಂದು ಚೊಕ್ಕವಾಗಿಯೇ ಇತ್ತಂತೆ. ‘ವಿಫಲ’ ಎಂಬ ಬಾಗಿಲಿಗೆ ಹೋಗೆನ್ನುವ ಸಾಲು ಕೈತಪ್ಪಿನಿಂದ ಎರಡು ಸಲ ಬಿದ್ದು, ಕೊನೆಯ ಪರೀಕ್ಷೆ ನಡೆಯುವ ಮೊದಲೇ ಎಲ್ಲರನ್ನೂ ಆ ಬಾಗಿಲಿಗೆ ಕಳಿಸುತ್ತಿತ್ತು. ಬಾಗಿಲಿನ ಹೆಸರು ವಿಫಲ, ಕೈಯಲ್ಲಿದ್ದ ಚೀಟಿಯಲ್ಲಿ ದೋಷ ಸೊನ್ನೆ. ಹೊರಗಿನವರು ಓದಿದ್ದು ಚೀಟಿಯನ್ನು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿ ಅವಳು ಆ ಪಾತ್ರೆಯನ್ನು ಒಡೆದು ಎರಡು ಮಾಡಿದಳು. ಸಾಧನವು ಉತ್ತರ ಕೊಟ್ಟಿತೋ ಇಲ್ಲವೋ ಎಂಬುದಕ್ಕೆ ‘ಸೆನ್ಸರ್ ಎರ್’. ಕೊಟ್ಟಿದ್ದರೆ ಆ ಉತ್ತರವೇನೆಂಬುದಕ್ಕೆ ಬೇರೆಯಾಗಿ ‘ಲೈನ್ ಈಸ್ ಕ್ಲಿಯರ್’. “‘ತಿಳಿಯಲಿಲ್ಲ’ ಅನ್ನೂದನ್ನ ‘ಇಲ್ಲ’ ಅನ್ನೂದರ ಜೋಡಿನೂ ಹಾಕಬಾರದು, ‘ಹೌದು’ ಅನ್ನೂದರ ಜೋಡಿನೂ ಹಾಕಬಾರದು ಅಪ್ಪಾ,” ಎಂದು ಹೇಳಿ ಯಂತ್ರವನ್ನು ಮುಚ್ಚಿ ಮಲಗಲು ಹೋದಳು.

ನಮಗೆ ನಿದ್ದೆ ಬರಲಿಲ್ಲ. ಅದರ ಕಾರಣವನ್ನು ಇಷ್ಟು ವರುಷ ಮನೆಯವರಿಗೂ ಹೇಳಿರಲಿಲ್ಲ, ಈಗ ಬರೆಯುತ್ತೇವೆ.

1994ನೆಯ ಇಸವಿ. ನಾವು ಕೆಲಸಕ್ಕೆ ಸೇರಿ ನಾಲ್ಕು ವರುಷವಾಗಿತ್ತು. ಒಂಬತ್ತನೆಯ ಇಯತ್ತೆಯ ವರ್ಗಶಿಕ್ಷಕರು ನಾವು. ನೇಕಾರರ ಮನೆಯ ಹುಡುಗಿಯೊಬ್ಬಳು ವಾರ್ಷಿಕ ಪರೀಕ್ಷೆಯ ಗಣಿತದ ದಿನ ಜ್ವರ ಬಂದು ಮಲಗಿದಳು. ಉಳಿದೆಲ್ಲ ವಿಷಯಗಳಲ್ಲಿ ಒಳ್ಳೆಯ ಅಂಕಗಳು. ಯೋಗ್ಯ ಕಾರಣದಿಂದ ತಪ್ಪಿಸಿಕೊಂಡವರಿಗೆ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಮತ್ತೊಮ್ಮೆ ಪರೀಕ್ಷೆ ನಡೆಸುವ ಪದ್ಧತಿ ನಮ್ಮ ಶಾಲೆಯಲ್ಲಿತ್ತು. ಅಂಕಪಟ್ಟಿಯಲ್ಲಿ ಇಂಥವರ ಮುಂದೆ ‘ಗೈ’ ಎಂದು ಬರೆಯುವದು ಹಳಬರ ರೂಢಿ. ಗೈರುಹಾಜರು ಎಂದು ಅರ್ಥ. ಹೊಸದಾಗಿ ಬಂದ ಸಂಸ್ಕೃತ ಪಂಡಿತರಿಗೆ ಆ ಶಬ್ದ ಸಲ್ಲಲಿಲ್ಲ. ನಾವು ‘ಅನುಪಸ್ಥಿತ’ ಎಂಬುದರ ಮೊದಲಕ್ಷರವಾದ ‘ಅ’ವನ್ನು ಬರೆಯತೊಡಗಿದ್ದೆವು.

ಫಲಿತಾಂಶದ ದಿನದ ಹಿಂದಿನ ರಾತ್ರಿ, ಗೋಡೆಗೆ ಹಚ್ಚುವ ಪಟ್ಟಿಯನ್ನು ನಾವೇ ಕೈಯಿಂದ ಬರೆದೆವು. ಅದರಲ್ಲಿ ಹೆಸರಿನ ಮುಂದೆ ಒಂದೇ ಒಂದು ಕಾಲಮು. ತೇರ್ಗಡೆಯಾದವರಿಗೆ ‘ಉ’, ಉತ್ತೀರ್ಣ. ಆಗದವರಿಗೆ ‘ಅ’, ಅನುತ್ತೀರ್ಣ. ಆ ಹುಡುಗಿಯ ಸಾಲಿಗೆ ಬಂದಾಗ ಅಂಕಪಟ್ಟಿಯ ಗಣಿತದ ಮನೆಯಲ್ಲಿದ್ದ ‘ಅ’ವನ್ನು ನೋಡಿ ಅದನ್ನೇ ಇಲ್ಲಿಗೆ ಇಳಿಸಿದೆವು. ನಮ್ಮ ಮನಸ್ಸಿನಲ್ಲಿ ಅದರ ಅರ್ಥ ‘ಬಂದಿರಲಿಲ್ಲ’ ಎಂದು. ಗೋಡೆಯ ಮುಂದೆ ನಿಂತವರಿಗೆ ‘ನಪಾಸು’. ನಞ್ ಎಂಬ ನಿಷೇಧಕ್ಕೆ ಸಂಪ್ರದಾಯದಲ್ಲಿ ಆರು ಅರ್ಥಗಳಿವೆಯೆಂದು, ಅಭಾವವೇ ಬೇರೆ ವಿರೋಧವೇ ಬೇರೆಯೆಂದು, ಅದೇ ವರುಷ ಅದೇ ಮಕ್ಕಳ ಮುಂದೆ ಕರಿಹಲಗೆಯ ಮೇಲೆ ಬರೆದು ತೋರಿಸಿದವರು ನಾವು.

ಜೂನಿನಲ್ಲಿ ಹುಡುಗಿ ಬರಲಿಲ್ಲ. ಜ್ವರ ಇನ್ನೂ ಇಳಿದಿಲ್ಲವೆಂದುಕೊಂಡೆವು. ಜುಲೈಯಲ್ಲಿ ಪಟ್ಟಿಯ ಕಡತವನ್ನು ಕಟ್ಟುವಾಗ ನಮ್ಮ ಕಣ್ಣಿಗೆ ಆ ‘ಅ’ ಬಿದ್ದಿತು. ಅವರ ಮನೆಗೆ ಓಡಿದೆವು. ತಂದೆಗೆ “ಬರವಣಿಗೆಯಲ್ಲಿ ಸ್ವಲ್ಪ ತಪ್ಪು ಆಗಿದೆ” ಎಂದು ಹೇಳಿದೆವು. ತಪ್ಪು ಆಗಿದೆ! ಕರ್ತೃವಿಲ್ಲದ ಆ ವಾಕ್ಯವನ್ನು ನಾವು ಬೇಕೆಂದೇ ಆರಿಸಿಕೊಂಡೆವು. “ಇರಲಿ ಬಿಡ್ರಿ ಮಾಸ್ತರ, ಕಂಡಿಕಿ ಸುತ್ತಾಕ ಮನ್ಯಾಗ ಒಂದು ಕೈ ಬೇಕಾಗಿತ್ತು,” ಎಂದರು ಅವರು. ಒಳಗೆ ಹುಡುಗಿ ಕಂಡಿಕೆ ಸುತ್ತುತ್ತಿದ್ದಳು. ನಾವು ಚಹ ಕುಡಿದು ಬಂದೆವು. ಮರುವರುಷ ಅವಳ ಮದುವೆಯಾಯಿತು. ಊರಲ್ಲಿಯೇ, ನಮ್ಮ ಮನೆಯಿಂದ ಎರಡು ಓಣಿಯ ಆಚೆ.

ಮಗಳು ಬೆಂಗಳೂರಿಗೆ ಹೊರಟ ದಿನ ಅವಳನ್ನು ಬಸ್ಸಿಗೆ ಹತ್ತಿಸಿ ಮರಳುವಾಗ ನಾವು ಆ ಓಣಿಗೆ ತಿರುಗಿದೆವು. ಮಗ್ಗದ ಮುಂದೆ ಕುಳಿತಿದ್ದವಳು ಎದ್ದು ನಿಂತು “ಬರ್ರಿ ಸರ್, ಮಗಳು ಹೋದಳೇನ್ರಿ?” ಎಂದಳು. ನಲವತ್ತೇಳು ವಯಸ್ಸಿರಬಹುದು, ಮುಂದಲೆ ನರೆತಿದೆ. ನಾವು ಕುಳಿತುಕೊಳ್ಳದೆಯೇ, 1994ರ ಪಟ್ಟಿಯ ಆ ಅಕ್ಷರ ನಮ್ಮದೆಂದೂ ಅದು ನಪಾಸೆಂಬ ಅರ್ಥದ್ದಲ್ಲವೆಂದೂ ಹೇಳಿಬಿಟ್ಟೆವು.

“ಅಕ್ಷರ ನಿಮ್ದಂತ ನನಗ ಆವಾಗಽ ಗೊತ್ತಿತ್ತರೀ,” ಎಂದಳು. “ನಿಮ್ಮ ‘ಅ’ದ ಬಾಲ ಗುರತ ಹಿಡಿಯೂದಿಲ್ಲೇನ್ರಿ ನಾವು? ಪರೀಕ್ಷಾಕ್ಕ ಕುಂತಽ ಇಲ್ಲ, ಹೆಂಗ ನಪಾಸ ಆದೆ ಅಂತ ಅದೊಂದು ತಿಳಿದಿರಲಿಲ್ಲ ನೋಡ್ರಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ಮತ್ತೊಮ್ಮೆ ಕೂಡಾಕ ಬರ್ತಿತ್ತೇನ್ರಿ?” ಎಂದು ಕೇಳಿದಳು.

“ಜೂನಿನಲ್ಲಿ ಬರುತ್ತಿತ್ತವ್ವಾ,” ಎಂದೆವು.